ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ ಕಾಣುತ್ತಲೇ ಇಲ್ಲ

ಪ್ರಶ್ನೆ: ಮೂರು ದಿನದಿಂದ ಸ್ಲೈಡ್ ಮಾಡುತ್ತಿದ್ದೇನೆ. ಅಸಿಟೋಕಾರ್ಮೈನ್ ಬಣ್ಣ ಹಾಕಿದರೂ ಬರೀ ಉದ್ದುದ್ದ ಕೋಶಗಳು, ಒಳಗೊಂದು ದುಂಡು ಚುಕ್ಕೆ, ಅಷ್ಟೇ. ಮುಂದಿನ ವಾರ ಪ್ರಾಕ್ಟಿಕಲ್ ಇದೆ, ಯಾರಾದ್ರೂ ಹೇಳಿ.

ಉತ್ತರ 1: ಉದ್ದ ಕೋಶ ಅಂದ್ರೆ ನೀವು ಬೇರಿನ ಮೇಲಿನ ಭಾಗ ತಗೊಂಡಿದ್ದೀರಿ. ತುದಿಯ 1–2 ಮಿ.ಮೀ. ಮಾತ್ರ ಸಾಕು, ವಿಭಜನೆ ಜಾಸ್ತಿ ಆಗೋದು ಅಲ್ಲೇ, ಬಣ್ಣ ಹಿಡಿದಾಗ ಆ ತುದಿಯೇ ಗಾಢ ಕೆಂಪಾಗಿ ಎದ್ದು ಕಾಣುತ್ತದೆ.

ಉತ್ತರ 2: ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಸ್ವಲ್ಪ ಬಿಸಿ ಮಾಡಿದ್ರಾ? ಅದಿಲ್ಲದೆ ಕೋಶಗಳು ಬಿಡಿಸಿಕೊಳ್ಳುವುದಿಲ್ಲ. ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ನೇರವಾಗಿ ಒತ್ತಿ, ಪಕ್ಕಕ್ಕೆ ಜಾರಿಸಬೇಡಿ.

ಉತ್ತರ 3: ಎಲ್ಲಾ ಸರಿ ಮಾಡಿದರೂ ಹೆಚ್ಚಿನ ಕೋಶಗಳು ಇಂಟರ್‌ಫೇಸ್‌ನಲ್ಲೇ (ಎರಡು ವಿಭಜನೆಗಳ ನಡುವಿನ ಹಂತ) ಇರುತ್ತವೆ, ಬೇಜಾರಾಗಬೇಡಿ. ಮೊದಲು ಮೈಕ್ರೋಸ್ಕೋಪಿನ 10ಎಕ್ಸ್ ಲೆನ್ಸ್‌ನಲ್ಲಿ ಚೌಕದಂಥ ಕೋಶ ಹುಡುಕಿ, ಆಮೇಲೆ 40ಎಕ್ಸ್. ಈರುಳ್ಳಿಗೆ 16 ಕ್ರೋಮೋಸೋಮ್.

ಪ್ರಶ್ನೆ ಕೇಳಿದವರು: ಸಿಕ್ತು! ಎರಡು ಕೆಂಪು ಗೊಂಚಲು ಕೋಶದ ಎದುರುಬದುರು ತುದಿಗಳತ್ತ ಸರಿದಂತಿವೆ, ಅನಾಫೇಸ್ (ಕ್ರೋಮೋಸೋಮ್‌ಗಳು ಬೇರ್ಪಡುವ ಹಂತ) ಅಲ್ವಾ?

ಉತ್ತರ 1: ಹೌದು, ಅದೇ.