‘ಸೆಟ್’ ಪದದ 430 ಅರ್ಥಗಳು: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ದಾವಣಗೆರೆಯ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪನವರು ಮಾಡಿದ ಒಂದು ಕಟ್ಟಳೆಯಿದೆ. ಇಲ್ಲಿ ಬರೆಯುವವರು ಪೂರ್ತಿ ವಾಕ್ಯದಲ್ಲಿ ಬರೆಯಬೇಕು. ಹೆಬ್ಬೆಟ್ಟಿನ ಚಿತ್ರ ಹಾಕಬಾರದು, ಏಕೆಂದರೆ ಹೆಬ್ಬೆಟ್ಟು ಒತ್ತುವ ಕಾಲ ನಮ್ಮ ಮನೆಯಲ್ಲಿ ಮುತ್ತಜ್ಜನಿಗೇ ಮುಗಿಯಿತು ಎಂಬುದು ಅವರ ಮಾತು. ಆದ್ದರಿಂದ ಕೆಳಗಿನ ಮಾತುಗಳು ಜಗಳದ ಮಾತಿನಂತೆ ಕಾಣದಿದ್ದರೆ ಆಶ್ಚರ್ಯವಿಲ್ಲ. ನನ್ನ ಫೋನಿನಲ್ಲಿ ಉಳಿದ ಕ್ರಮದಲ್ಲೇ ಕೊಡುತ್ತಿದ್ದೇನೆ.

ತಮ್ಮ (ಬೆಂಗಳೂರು): ಈಗ ತಾನೇ ಬಂದ ಈ ಫಾರ್ವರ್ಡ್ ಎಲ್ಲರೂ ಓದಬೇಕಾದದ್ದು. ಇಂಗ್ಲಿಷಿನಲ್ಲಿ ಬರೀ ಮೂರು ಅಕ್ಷರದ ‘ಸೆಟ್’ ಎಂಬ ಪದಕ್ಕೆ 430 ಅರ್ಥಗಳಿವೆಯಂತೆ. ಜಗತ್ತಿನ ಬೇರೆ ಯಾವ ಭಾಷೆಗೂ ಈ ಶಕ್ತಿಯಿಲ್ಲ ಎಂಬ ಕೊನೆಯ ಸಾಲನ್ನು ದೊಡ್ಡಪ್ಪನವರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ.

ದೊಡ್ಡಪ್ಪ: ಗಮನಿಸಿದೆನಪ್ಪಾ. ಎಣಿಸಿದವರು ಯಾರು, ಯಾವ ಪುಸ್ತಕದಲ್ಲಿ ಎಣಿಸಿದರು ಎಂಬುದು ಅದರಲ್ಲಿ ಇಲ್ಲ. ಜಗತ್ತಿನ ಭಾಷೆಗಳನ್ನೆಲ್ಲ ಅವರು ಯಾವಾಗ ಓದಿ ಮುಗಿಸಿದರು ಎಂಬುದೂ ಇಲ್ಲ. ನಿನ್ನ ಅಕ್ಕ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಅವಳೇ ಹೇಳಲಿ.

ನಾನು: ಅಂಕಿ ಸುಳ್ಳಲ್ಲ, ಆದರೆ ಹಳಸಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಬಂದಾಗ, ‘ಸೆಟ್’ ಕ್ರಿಯಾಪದಕ್ಕೆ 430ರಷ್ಟು ಅರ್ಥಗಳನ್ನು ಕೊಟ್ಟಿದ್ದರು. ಆ ಒಂದು ಪದದ ವಿವರಣೆಯೇ ಸುಮಾರು 60,000 ಪದಗಳಷ್ಟು ಉದ್ದವಿತ್ತು. ಆಮೇಲೆ ಇಡೀ ನಿಘಂಟನ್ನು ಹೊಸದಾಗಿ ಪರಿಷ್ಕರಿಸಲು ಹೊರಟು, ಅದರ ಮೊದಲ ಕಂತನ್ನು 2000ದಲ್ಲಿ ಎಂ ಅಕ್ಷರದಿಂದ ಪ್ರಕಟಿಸಿದರು. ಕೆಲಸ ಆರ್ ಅಕ್ಷರಕ್ಕೆ ಬಂದ ಮೇಲೆ 2011ರಲ್ಲಿ ಹೊರಬಿದ್ದ ಸುದ್ದಿಯೆಂದರೆ, ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳಾಗಿದ್ದವು. ಕ್ರಿಕೆಟ್ಟಿನ ರನ್ನಿನಲ್ಲೇ ಕಾಲ ಕಳೆಯುವ ನಿನಗೆ ಈ ಸುದ್ದಿ ಹೇಗೆ ತಪ್ಪಿತೋ ತಿಳಿಯದು.

ತಮ್ಮ: ಅಕ್ಕ, ಹಾಗಾದರೆ ನನ್ನ ಮಾತಿಗೇ ಬಲ ಬಂತು. ಒಂದರ ಬದಲು ಇಂಥ ಎರಡು ಪದಗಳು ಇಂಗ್ಲಿಷಿನಲ್ಲಿವೆ ಎಂದಾಯಿತು.

ನಾನು: 645 ಅರ್ಥಗಳು ಬಂದದ್ದು ‘ರನ್’ ಪದವನ್ನು ಹೊಸ ಅಳತೆಗೋಲಿನಿಂದ ಅಳೆದಾಗ. ಅದರ ಪಕ್ಕದಲ್ಲಿ ಇಟ್ಟ 430 ಹಳೆಯ ಅಳತೆಗೋಲಿನದು. ಅಲ್ಲದೆ ‘ಸೆಟ್ ಅಪ್’, ‘ಸೆಟ್ ಆಫ್’, ‘ಸೆಟ್ ಇನ್’ ಇವುಗಳನ್ನೆಲ್ಲ ಆ ನಿಘಂಟು ‘ಸೆಟ್’ ಪದದ ಹೊಟ್ಟೆಯೊಳಗೇ ಇಟ್ಟು ಅರ್ಥ ಎಣಿಸುತ್ತದೆ.

ಅತ್ತೆ (ಹರಿಹರ): ನಿಮ್ಮ ಎಣಿಕೆಯ ನಡುವೆ ನನ್ನ ಕಷ್ಟವನ್ನೂ ಸ್ವಲ್ಪ ಕೇಳಿ. ಆರನೆಯ ತರಗತಿಯ ಮಕ್ಕಳಿಗೆ ‘ಸೆಟ್’ ಎಂದರೆ ಸೆಟ್ ದೋಸೆ, ಇಲ್ಲವೇ ಅಪ್ಪನ ಪಂಪ್‌ಸೆಟ್. ಫೋನಿನಲ್ಲಿ ‘ಅಲಾರಂ ಹೊಂದಿಸಿ’ ಎಂದು ಬರುವುದನ್ನು ನೋಡಿದ ಒಬ್ಬ ಹುಡುಗ, ಸೂರ್ಯ ಮುಳುಗಿತು ಎಂಬ ಇಂಗ್ಲಿಷ್ ವಾಕ್ಯವನ್ನು ‘ಸೂರ್ಯನು ಹೊಂದಿಸಿದನು’ ಎಂದು ಅನುವಾದಿಸಿದ. ನಾನು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಏಕೆ ತಪ್ಪು ಎಂದು ಅವನು ಕೇಳಿದಾಗ ‘ಇಲ್ಲಿ ಹಾಗಾಗುವುದಿಲ್ಲ’ ಎಂದಷ್ಟೇ ಹೇಳಿ ಮುಂದಕ್ಕೆ ಹೋದೆ. ಆ ಉತ್ತರ ನನಗೇ ಸರಿ ಅನ್ನಿಸಲಿಲ್ಲ.

ನಾನು: ಅತ್ತೆ, ಆ ಹುಡುಗನ ತಪ್ಪಲ್ಲ. ಸೆಟ್ ದೋಸೆಯ ‘ಸೆಟ್’ ಬೇರೆಯೇ ಕುಲದ್ದು. ಗುಂಪು, ಜೊತೆ ಎಂಬ ಅರ್ಥದ ಆ ನಾಮಪದ ಲ್ಯಾಟಿನ್ನಿನ ‘ಸೆಕ್ಟಾ’ ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಪಂಗಡಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸೆಕ್ಟ್’ ಅದರ ಒಡಹುಟ್ಟು. ಕ್ರಿಯಾಪದವಾದ ‘ಸೆಟ್’ ಹಳೆಯ ಇಂಗ್ಲಿಷಿನ ‘ಸೆಟ್ಟನ್’. ಅದು ‘ಸಿಟ್’ ಧಾತುವಿನ ಪ್ರೇರಣಾರ್ಥಕ ರೂಪ, ಅಂದರೆ ಕೂರುವಂತೆ ಮಾಡುವುದು. ಎರಡೂ ಬಂದು ಒಂದೇ ಕಾಗುಣಿತದಲ್ಲಿ ನಿಂತವು. ಮುಂದೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದದ್ದೂ ಉಂಟು.

ದೊಡ್ಡಪ್ಪ: ಇಷ್ಟು ಹೊತ್ತು ಇದನ್ನು ಬಚ್ಚಿಟ್ಟುಕೊಂಡಿದ್ದೆಯಾ, ಮಗಳೇ? ‘ಸಿಟ್’ ಎಂಬುದಕ್ಕೆ ‘ಇಸು’ ಪ್ರತ್ಯಯ ಹತ್ತಿದರೆ ‘ಸೆಟ್’ ಎಂದಾಯಿತು. ಅದು ನಮ್ಮ ‘ಕೂರಿಸು’, ನಮ್ಮ ಸೀಮೆಯ ಬಾಯಲ್ಲಿ ‘ಕುಂದ್ರಿಸು’. ಈಗ ನೋಡಿರಿ: ಅಕ್ಕಸಾಲಿಗ ಉಂಗುರದಲ್ಲಿ ಹರಳು ಕೂರಿಸುತ್ತಾನೆ, ನಾಟಿ ವೈದ್ಯ ಮುರಿದ ಮೂಳೆ ಕೂರಿಸುತ್ತಾನೆ, ನಿಮ್ಮ ಅಜ್ಜಿ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದಳು, ಗಾರೆಯವನು ಕಿಟಕಿ ಕೂರಿಸುತ್ತಾನೆ, ಭಾದ್ರಪದದಲ್ಲಿ ಓಣಿಯ ಹುಡುಗರು ಗಣಪತಿ ಕೂರಿಸುತ್ತಾರೆ. ಇವುಗಳಲ್ಲಿ ಇಂಗ್ಲಿಷಿನವರು ‘ಸೆಟ್’ ಎನ್ನುವುದು ಯಾವುದಕ್ಕೆ?

ನಾನು: ಹರಳಿಗೆ, ಮೂಳೆಗೆ, ಕಾವಿನ ಕೋಳಿಗೆ. ಈ ಮೂರಕ್ಕೂ ಅವರು ‘ಸೆಟ್’ ಎಂದೇ ಹೇಳುತ್ತಾರೆ. ಗಣಪತಿ ಅವರಲ್ಲಿಲ್ಲ.

ತಮ್ಮ: ದೊಡ್ಡಪ್ಪ, ಮೂರು ಕಡೆ ಹೊಂದಿದ್ದಕ್ಕೆ ಸಂತೋಷ. ಆದರೆ ಬೆಂಕಿಯನ್ನು, ದಾಖಲೆಯನ್ನು, ಬಲೆಯನ್ನು, ಮೊಸರನ್ನು ನೀವು ಕೂರಿಸಲು ಸಾಧ್ಯವೇ?

ದೊಡ್ಡಪ್ಪ: ಇಲ್ಲ. ಬೆಂಕಿ ಹಚ್ಚುತ್ತೇವೆ, ದಾಖಲೆ ಬರೆಯುತ್ತೇವೆ, ಬಲೆ ಒಡ್ಡುತ್ತೇವೆ, ಮೊಸರು ತಾನೇ ಹೆಪ್ಪುಗಟ್ಟುತ್ತದೆ. ಮದುವೆಯ ದಿನವನ್ನು ಗೊತ್ತು ಮಾಡುತ್ತೇವೆ. ಒಂದೊಂದು ಕೆಲಸಕ್ಕೂ ಅದರದೇ ಮಾತಿರುವ ನಾವು ಬಡವರೋ, ಎಲ್ಲಕ್ಕೂ ಒಂದೇ ಸೌಟು ಹಿಡಿದವರು ಬಡವರೋ ನೀನೇ ತೀರ್ಮಾನಿಸು.

ನಾನು: ಇಲ್ಲಿ ಮಾತ್ರ ನಾನು ತಮ್ಮನ ಪಕ್ಷ, ದೊಡ್ಡಪ್ಪ. ಬೆಂಕಿ ಹಚ್ಚಲು, ಹೆಪ್ಪುಗಟ್ಟಲು ಇಂಗ್ಲಿಷಿನಲ್ಲೂ ಬೇರೆ ಬೇರೆ ಪದಗಳಿವೆ. ಒಂದು ಸೌಟನ್ನು ನೋಡಿ ಇಡೀ ಅಡುಗೆಮನೆಯನ್ನು ಅಳೆದರೆ ಫಾರ್ವರ್ಡ್ ಬರೆದವನ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ.

ಚಿಕ್ಕಪ್ಪ (ಮಲೇಬೆನ್ನೂರು): ಅಣ್ಣ, ಬೆಳಿಗ್ಗೆಯಿಂದ ಗದ್ದೆಯಲ್ಲಿದ್ದು ಈಗ ಫೋನು ನೋಡಿದೆ. ಭತ್ತ ಹೊಡೆಗೆ ಬಂದಿದೆ, ಈ ಹೊತ್ತಿನಲ್ಲಿ ಔಷಧಿ ಹೊಡೆಯದಿದ್ದರೆ ಆಗುವುದಿಲ್ಲ. ಹೊಡೆಯಬೇಕಾದ ಹುಡುಗ ಟೀ ಹೊಡೆದು ಬರುತ್ತೇನೆಂದು ಹೋದವನು ಫೋನ್ ಹೊಡೆದರೆ ಎತ್ತುತ್ತಿಲ್ಲ. ಗೊಬ್ಬರ ಹೊಡೆದ ಟ್ರ್ಯಾಕ್ಟರಿನವನು ಬಾಡಿಗೆಗೆ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಮೊನ್ನೆ ಸಿಡಿಲು ಹೊಡೆದು ಮೋಟಾರು ಸುಟ್ಟಿದ್ದರಿಂದ ಪಂಪ್‌ಸೆಟ್ಟನ್ನು ಮತ್ತೆ ಕೂರಿಸಬೇಕು. ನೀವು ಅರ್ಥ ಎಣಿಸುತ್ತಾ ಇರಿ.

ದೊಡ್ಡಪ್ಪ: ಕೇಳಿದೆಯೇನಪ್ಪಾ, ಬೆಂಗಳೂರಿನವನೇ? ನಿನ್ನ ಚಿಕ್ಕಪ್ಪ ನಿಘಂಟು ತೆರೆಯದೆ ನಿಘಂಟಿನ ಒಂದು ಪುಟ ಬರೆದ. ಭತ್ತ ಬಂದಿರುವ ‘ಹೊಡೆ’ ಬೇರೆ, ಔಷಧಿ ಹೊಡೆಯುವ ‘ಹೊಡೆ’ ಬೇರೆ. ಮೊದಲನೆಯದು ಹಳಗನ್ನಡದ ‘ಪೊಡೆ’, ಹೊಟ್ಟೆ ಎಂದು ಅರ್ಥ. ತೆನೆ ಇನ್ನೂ ಒಳಗೇ ಇದ್ದು ದಂಟು ಉಬ್ಬಿದಾಗ ಪೈರು ಬಸುರಾಗಿದೆ ಎಂದು ಹಿರಿಯರು ಕಂಡ ಮಾತು ಅದು. ಬಡಿಯುವ ಅರ್ಥದ ಪದವೂ ಹಳಗನ್ನಡದಲ್ಲಿ ‘ಪೊಡೆ’ಯೇ. ನನ್ನ ಬೀರುವಿನಲ್ಲಿರುವ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದದ್ದರ ಮರುಮುದ್ರಣ. ರೂಪ ಒಂದೇ ಆಗಿ ಪದ ಬೇರೆಯಾದಲ್ಲಿ ಆ ಪುಣ್ಯಾತ್ಮ ಅಂಕಿ ಹಾಕಿ ಬೇರೆ ಮಾಡಿದ್ದಾನೆ. ಹಾಲು ಕರೆಯುವುದು ಮೊದಲು ‘ಕಱೆ’ ಎಂದಿತ್ತು, ಕೂಗಿ ಕರೆಯುವುದು ‘ಕರೆ’ ಎಂದಿತ್ತು. ಱಕಾರ ಬಳಕೆಯಿಂದ ಹೋದ ಮೇಲೆ ಇವೆರಡೂ ನೋಡುವುದಕ್ಕೆ ಒಂದೇ ಆದವು. ಫಾರ್ವರ್ಡ್ ಬರೆಯುವವನ ಕೈಗೆ ಸಿಕ್ಕರೆ ಎರಡನ್ನೂ ಒಂದೇ ಚೀಲಕ್ಕೆ ಸುರಿದು ‘ಅರ್ಥಗಳು’ ಎನ್ನುತ್ತಾನೆ.

ತಮ್ಮ: ಸರಿ, ಭತ್ತದ ಹೊಡೆಯನ್ನು ಪಕ್ಕಕ್ಕೆ ಇಡೋಣ. ಉಳಿದ ‘ಹೊಡೆ’ಗೆ ಒಟ್ಟು ಎಷ್ಟು ಅರ್ಥ ಎಂದು ಒಂದು ಅಂಕಿ ಕೊಡಿ ದೊಡ್ಡಪ್ಪ, ನಾನು ಸೋತೆ ಎಂದು ಒಪ್ಪಿಕೊಳ್ಳುತ್ತೇನೆ.

ದೊಡ್ಡಪ್ಪ: ಕೊಡಲಾರೆ. ಕನ್ನಡ ಸಾಹಿತ್ಯ ಪರಿಷತ್ತಿನವರು 8 ಸಂಪುಟಗಳ ನಿಘಂಟನ್ನು ಮಾಡಿ 1995ರಲ್ಲಿ ಮುಗಿಸಿದರು, ಅದನ್ನು ತೆರೆದರೂ ಈ ಅಂಕಿ ನನಗೆ ಒಪ್ಪಿಗೆಯಾಗದು. ಟೀ ಹೊಡೆಯುವುದು, ಸಾರಾಯಿ ಹೊಡೆಯುವುದು ಒಂದೇ ಅರ್ಥವೋ ಎರಡೋ? ಬಣ್ಣ ಹೊಡೆಯುವುದನ್ನು ಔಷಧಿ ಹೊಡೆಯುವುದರ ಜೊತೆ ಸೇರಿಸಬೇಕೋ, ಗೋಡೆಗೆ ಮೊಳೆ ಹೊಡೆಯುವುದರ ಪಕ್ಕದಲ್ಲಿ ಇಡಬೇಕೋ? ನಾನು ಹತ್ತು ಎಂದು ಕತ್ತರಿಸಿದರೆ ನಿನ್ನ ಅಕ್ಕ ನಲವತ್ತು ಎಂದು ಕತ್ತರಿಸುತ್ತಾಳೆ, ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ. 430 ಎಂಬುದು ಆ ನಿಘಂಟಿನವರ ಕತ್ತರಿ ಎಷ್ಟು ಸಣ್ಣಗೆ ಕತ್ತರಿಸಿತು ಎಂಬುದರ ಲೆಕ್ಕ. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ, ಕೊನೆಯ ಸಾಲಿಗೆ ಮುಗಿಯುವುದಿಲ್ಲ.

ತಮ್ಮ: ಕೊನೆಯ ಸಾಲನ್ನು ಅಳಿಸಿಯೇ ಆಫೀಸಿನ ಗುಂಪಿಗೆ ಕಳಿಸುತ್ತೇನೆ. ಅಂಕಿಯನ್ನು ಮಾತ್ರ ಬಿಡಲಾರೆ, ಅದು ಚೆನ್ನಾಗಿದೆ.

(ಮರುದಿನ ಮಧ್ಯಾಹ್ನ)

ಅತ್ತೆ (ಹರಿಹರ): ಅಣ್ಣ, ಇವತ್ತು ತರಗತಿಯಲ್ಲಿ ‘ಕುಂದ್ರಿಸು’ ಎಂಬುದರಿಂದಲೇ ‘ಸೆಟ್’ ಪಾಠ ಮಾಡಿದೆ. ಹರಳು, ಮೂಳೆ, ಕೋಳಿ ಇವೆಲ್ಲ ಮಕ್ಕಳಿಗೆ ಕೂಡಲೇ ಹತ್ತಿದವು. ಆಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ‘ಹಾಗಾದರೆ ಸೂರ್ಯನನ್ನು ಕುಂದ್ರಿಸಿದವರು ಯಾರು ಟೀಚರ್?’ ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ. ಈ ಬಾರಿ ‘ಹಾಗಾಗುವುದಿಲ್ಲ’ ಎಂದು ಹೇಳುವ ಮನಸ್ಸಿಲ್ಲ.

ನಾನು: ಅತ್ತೆ, ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಪದವಿತ್ತು. ‘ಸೆಟ್ಲ್’ ಎಂದರೆ ಪೀಠ, ‘ಗಾಂಗ್’ ಎಂದರೆ ಹೋಗುವುದು. ಸೂರ್ಯನನ್ನು ಯಾರೂ ಕೂರಿಸಲಿಲ್ಲ, ತಾನೇ ಪೀಠಕ್ಕೆ ಹೋಗಿ ಕೂತ ಎಂದು ಆ ಹುಡುಗಿಗೆ ಹೇಳಿ.

ಚಿಕ್ಕಪ್ಪ (ಮಲೇಬೆನ್ನೂರು): ಇಲ್ಲಿ ಮೋಟಾರು ಇನ್ನೂ ಕೂತಿಲ್ಲ. ಹುಡುಗ ಮಾತ್ರ ಬಂದಿದ್ದಾನೆ, ಔಷಧಿ ಹೊಡೆಯುತ್ತಿದ್ದಾನೆ.