ಪದಚರ್ಚೆ: ‘ಓರಿಯೆಂಟೇಶನ್ ಅಂಡ್ ಮೊಬಿಲಿಟಿ’ಗೆ ಫಲಕದ ಮೇಲೆ ಏನು ಬರೆಯೋಣ?

ಪ್ರಶ್ನೆ (ಮೈಸೂರಿನಿಂದ)

ಮಾನ್ಯರೇ,

ದೃಷ್ಟಿಯ ತೊಂದರೆಯಿರುವ ಮಕ್ಕಳಿಗೆ ಕಲಿಸುವ ಶಿಕ್ಷಕರ ಡಿಪ್ಲೊಮಾದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ ನಾನು. ಅಭ್ಯಾಸ ಬೋಧನೆಗೆ ಹೋಗುತ್ತಿರುವ ಶಾಲೆಯಲ್ಲಿ ‘ಓರಿಯೆಂಟೇಶನ್ ಅಂಡ್ ಮೊಬಿಲಿಟಿ’ ಪಾಠಕ್ಕೆಂದು ಒಂದು ಕೊಠಡಿ ಬಿಟ್ಟುಕೊಟ್ಟಿದ್ದಾರೆ. ಅದರ ಬಾಗಿಲಿಗೆ ಫಲಕ ಬೇಕು, ಅಚ್ಚಕ್ಷರದಲ್ಲೂ ಬ್ರೈಲ್‌ನಲ್ಲೂ. ಮಂಡ್ಯ ಕಡೆಯ ಹಳ್ಳಿಗಳಿಂದ ಬರುವ ತಂದೆತಾಯಿಯರಿಗೆ ಕೊಡಲು ಒಂದು ಕೈಪತ್ರವೂ ಬೇಕು. ಸೋಮವಾರ ಬೆಳಿಗ್ಗೆ ಎರಡೂ ಅಚ್ಚಿಗೆ ಹೋಗುತ್ತವೆ.

ನಮ್ಮ ಟಿಪ್ಪಣಿಗಳಲ್ಲಿ ‘ಪರಿಸರ ಪರಿಚಯ ಮತ್ತು ಚಲನವಲನ’ ಎಂದಿದೆ. ‘ಪರಿಸರ’ ಎಂದರೆ ಜನ ಗಿಡ ನೆಡುವುದನ್ನು ನೆನೆಯುತ್ತಾರೆ. ‘ಚಲನವಲನ’ವೋ, ಪೊಲೀಸರು ಯಾರ ಮೇಲೋ ನಿಗಾ ಇಟ್ಟ ಸುದ್ದಿಯ ಮಾತು. ಕಲಿಸುವುದು ಇಷ್ಟು: ತಾನು ಈಗ ಎಲ್ಲಿದ್ದೇನೆ, ಸುತ್ತ ಏನಿದೆ, ಹೋಗಬೇಕಾದ ಜಾಗ ಯಾವ ಕಡೆಗಿದೆ ಎಂದು ಮಗು ತಿಳಿಯಬೇಕು, ಆಮೇಲೆ ಅಲ್ಲಿಗೆ ಹೆದರದೆ ನಡೆದು ಹೋಗಬೇಕು. ಎರಡನ್ನೂ ಹಿಡಿಯುವ ಮಾತು ಯಾವುದು? ಕೈಪತ್ರದ ಕರಡಿನಲ್ಲಿ ‘ಬಿಳಿ ಊರುಗೋಲು’ ಎಂದೂ ಬರೆದಿದ್ದಾರೆ. ಅದು ಸರಿಯೇ?

ಉತ್ತರ (ಸರಸ್ವತಿಪುರಂ)

‘ದಿಗ್ಜ್ಞಾನ ಮತ್ತು ಸಂಚಾರ’. ದಿಗ್ಭ್ರಮೆ, ದಿಗ್ವಿಜಯ ಎಲ್ಲರ ಬಾಯಲ್ಲೂ ಇರುವಾಗ ದಿಗ್ಜ್ಞಾನಕ್ಕೆ ಹಿಂಜರಿಕೆ ಏಕೆ? ಶಾಸ್ತ್ರದ ವಿಷಯಕ್ಕೆ ಶಾಸ್ತ್ರದ ಪದವೇ ಇರಬೇಕು. ಇದರಲ್ಲಿ ಚರ್ಚಿಸಲು ಏನೂ ಉಳಿದಿಲ್ಲ.

ಉತ್ತರ (ಮಂಡ್ಯ)

ಬೇಕಾದಷ್ಟು ಉಳಿದಿದೆ. ‘ದಿಗ್ಜ್ಞಾನ’ವನ್ನು ಮೊದಲು ನಾಲ್ಕು ಮಂದಿಯ ಬಾಯಲ್ಲಿ ಹೇಳಿಸಿ ನೋಡಿ. ಒತ್ತಿನ ಮೇಲೆ ಒತ್ತು ಹೇರಿದ ಪದ ಓದುವವರಿಗೆ ಹೊರೆ. ‘ದೆಸೆಯರಿವು, ನಡೆ’ ಎಂದು ಬರೆಯಿರಿ. ಕೋಲಿಗೆ ‘ಬೆಳ್ಗೋಲು’. ಬೆಳ್ಗೊಡೆ, ಬೆಳ್ದಿಂಗಳು ಎಂದು ಕಟ್ಟಿದ ನುಡಿಗೆ ಬೆಳ್ಗೋಲು ಕಟ್ಟುವುದು ಹೊಸತೇನಲ್ಲ. ನಮ್ಮ ನುಡಿಯ ಗೆಯ್ಮೆಯನ್ನು ನಾವೇ ಮರೆತು ಎರವಲಿಗೆ ಕೈಯೊಡ್ಡುತ್ತಿದ್ದೇವೆ.

ಮರು ಉತ್ತರ (ಸರಸ್ವತಿಪುರಂ)

‘ದೆಸೆ’ ಸಂಸ್ಕೃತದ ‘ದಿಶಾ’ದ ತದ್ಭವ. ಮುಂಬಾಗಿಲಿನಿಂದ ಕಳಿಸಿದ್ದನ್ನು ಹಿತ್ತಿಲಿನಿಂದ ಕರೆತಂದಿದ್ದೀರಿ. ಮೊದಲು ವ್ಯಾಕರಣ ತೆಗೆದು ನೋಡಿ.

ಮರು ಉತ್ತರ (ಮಂಡ್ಯ)

ನೋಡಿಯೇ ಬರೆದದ್ದು. ತದ್ಭವವೆಂದರೆ ಕನ್ನಡದ ನಾಲಿಗೆಗೆ ಒಗ್ಗಿದ್ದು ಎಂದರ್ಥ. ಕಾಗದ, ಕುರ್ಚಿ ಬೇರೆ ನುಡಿಗಳಿಂದ ಬಂದವು. ಅವನ್ನು ಬಿಡಿ ಎಂದು ನಾನು ಎಂದೂ ಹೇಳಿಲ್ಲ. ಬ್ರೈಲ್ ಎಂಬುದು ಅದನ್ನು ಕಟ್ಟಿದವನ ಹೆಸರು, ಅದಕ್ಕೂ ಕೈಹಚ್ಚುವುದಿಲ್ಲ. ನನ್ನ ತಕರಾರು ಒಗ್ಗದ ಎರವಲಿನ ಮೇಲೆ. ಅದನ್ನು ಹತ್ತು ಸಲ ಹೇಳಿದರೂ ನಿಮಗೆ ಕೇಳಿಸುವುದಿಲ್ಲ.

ಇನ್ನೊಂದು ಮಾತು. ಕೈಪತ್ರದಲ್ಲಿ ‘ದೃಷ್ಟಿದೋಷವಿರುವ ಮಕ್ಕಳು’ ಎಂದು ಮಾತ್ರ ಬರೆಯಬೇಡಿ. ನಮ್ಮ ಹಳ್ಳಿಗಳಲ್ಲಿ ದೃಷ್ಟಿ ಎಂದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ತೆಗೆಯುವಂಥದ್ದು.

ಉತ್ತರ (ಶ್ರೀರಂಗಪಟ್ಟಣ)

ಅಮ್ಮ, ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಈ ಇಬ್ಬರ ಜಗಳ ಆಮೇಲೂ ಇರುತ್ತದೆ.

‘ಊರುಗೋಲು’ ತಪ್ಪು. ‘ಊರು’ ಎಂಬ ಧಾತುವಿಗೆ ಭಾರ ಬಿಟ್ಟು ನೆಲಕ್ಕೆ ಒತ್ತುವುದು ಎಂದರ್ಥ. ಕಾಲೂರು, ಮಂಡಿಯೂರು, ಬೇರೂರು ಎಲ್ಲದರಲ್ಲೂ ಅದೇ ಇದೆ. ಮೈಭಾರ ತಡೆಯಲು ಮುದುಕರು ಹಿಡಿಯುವುದು ಊರುಗೋಲು. ಕಾಣದ ಮಗು ಕೋಲಿನ ಮೇಲೆ ಭಾರ ಬಿಡುತ್ತದೆಯೇ? ಅದು ನೆಲವನ್ನು ಕೇಳುವ ಕೋಲು. ‘ಬಿಳಿ ಕೋಲು’ ಎಂದರೆ ಸಾಕು. ‘ಬೆಳ್ಗೋಲು’ ಚೆನ್ನಾಗಿದೆ, ಆದರೆ ನಮ್ಮ ತಾಲ್ಲೂಕಿನಲ್ಲಿ ಬೆಳಗೊಳ ಎಂಬ ಊರೇ ಇದೆ. ಕೇಳಿದವರು ಬಸ್ ಯಾವಾಗ ಎಂದಾರು.

‘ನಡೆ’ ಎಂದೊಡನೆ ನಡೆನುಡಿಯ ನೆನಪು ಬರುತ್ತದೆ, ಶಿಸ್ತು ಕಲಿಸುವ ಕೊಠಡಿಯೇ ಎಂದು ಕೇಳುತ್ತಾರೆ. ‘ನಡಿಗೆ’ ಎನ್ನಿ. ‘ದಿಕ್ಕು’ ಬಳಸುವ ಮುನ್ನವೂ ಯೋಚಿಸಿ. ದಿಕ್ಕಿಲ್ಲದ ಮಕ್ಕಳು ಎಂದರೆ ಅನಾಥರು. ಆ ಛಾಯೆ ಈ ಬಾಗಿಲ ಮೇಲೆ ಬೀಳಬಾರದು.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ನಮಸ್ಕಾರ. ಮೇಷ್ಟ್ರೇ, ಊರುಗೋಲನ್ನು ಇವತ್ತೇ ಹೊಡೆದು ಹಾಕಿದೆ. ನೀವು ಹೇಳಿದ ಅರ್ಥ ನಮ್ಮ ಪಾಠಕ್ಕೆ ನೇರವಾಗಿ ತಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ ರಿಚರ್ಡ್ ಹೂವರ್ ರೂಪಿಸಿದ ಉದ್ದ ಕೋಲಿನ ಕ್ರಮವನ್ನು ನಾವು ಕಲಿಯುತ್ತೇವೆ. ಕೋಲು ಹಗುರವಾಗಿರಬೇಕು, ಎದೆಮೂಳೆಯವರೆಗೆ ಬರಬೇಕು. ಎಡಗಾಲು ಮುಂದಿಟ್ಟಾಗ ತುದಿ ಬಲಗಡೆ ನೆಲ ಮುಟ್ಟುತ್ತದೆ, ಬಲಗಾಲಿಟ್ಟಾಗ ಎಡಗಡೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ಊರಿದರೆ ಇಡೀ ಪಾಠವೇ ಕೆಡುತ್ತದೆ.

ಈಗ ಫಲಕದ ಮಾತು. ಮೊದಲ ವರ್ಷ ನಮ್ಮ ಕಣ್ಣಿಗೂ ಪಟ್ಟಿ ಕಟ್ಟಿ ಪಡಸಾಲೆಯಲ್ಲಿ ನಡೆಸಿದ್ದರು. ಮೂರು ತಿಂಗಳು ದಿನವೂ ಓಡಾಡಿದ ಪಡಸಾಲೆ ಅದು. ಇಪ್ಪತ್ತು ಹೆಜ್ಜೆಗೆ ನಾನು ಎಲ್ಲಿದ್ದೇನೆಂಬುದೇ ತಪ್ಪಿಹೋಯಿತು. ಹಿಂಗೈಯನ್ನು ಗೋಡೆಗೆ ತಾಗಿಸಿಕೊಂಡು ಹೋದೆ. ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿ ಕೈತೊಳೆಯುವ ಜಾಗ ಹತ್ತಿರವಿದೆ ಎಂದು ತಿಳಿಯಿತು. ಕಾಲ ಕೆಳಗೆ ನೆಲ ಇಳಿಜಾರಾದಾಗ ಬಾಗಿಲು ಸಿಕ್ಕಿತು. ಮರುದಿನ ನಲ್ಲಿ ರಿಪೇರಿಯಾಗಿತ್ತು, ಸದ್ದಿರಲಿಲ್ಲ. ಇಳಿಜಾರು ಮಾತ್ರ ಇದ್ದಲ್ಲೇ ಇತ್ತು. ನಮ್ಮ ಪಾಠದಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರು: ಇಳಿಜಾರು ಲ್ಯಾಂಡ್‌ಮಾರ್ಕ್, ನಲ್ಲಿಯ ಸದ್ದು ಕ್ಲೂ. ನಾನು ಅಂದಿನಿಂದ ಮೊದಲನೆಯದನ್ನು ಗುರುತು, ಎರಡನೆಯದನ್ನು ಸುಳಿವು ಎನ್ನುತ್ತಿದ್ದೇನೆ.

ಕಳೆದ ವಾರ ಮಂಡ್ಯ ಕಡೆಯ ಒಬ್ಬ ತಾಯಿ ಬಂದಿದ್ದರು. ಮಗನಿಗೆ ಎಂಟು ವರ್ಷ. ನಾಲೆಯ ಸದ್ದು ಎಡಗಡೆಗೆ ಕೇಳುವಂತೆ ಅವನು ಒಬ್ಬನೇ ಅಂಗಡಿಗೆ ಹೋಗಿ ಬರುತ್ತಾನಂತೆ. ಆಲೆಮನೆಯ ಬೆಲ್ಲದ ವಾಸನೆ ಬಂದ ಕಡೆ ತಿರುಗಬೇಕು. ಆಲೆ ನಿಂತ ತಿಂಗಳುಗಳಲ್ಲಿ, ನಾಲೆಗೆ ನೀರು ಬಿಡದ ದಿನಗಳಲ್ಲಿ ಅವನಿಗೆ ದಾರಿ ತಪ್ಪುತ್ತದೆ. “ಮನೆಯೊಳಗೆ ಎಲ್ಲದರ ಗುರುತೂ ಇದೆ, ಹೊರಗೆ ಗುರುತು ಸಿಗುವುದಿಲ್ಲ” ಎಂದರು ಆ ತಾಯಿ. ಎರಡು ವರ್ಷದಿಂದ ನಾನು ಇಂಗ್ಲಿಷಿನಲ್ಲಿ ಓದುತ್ತಿರುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ‘ಗುರುತು ನಡಿಗೆ’ ಎಂದರೆ ಸಾಲದೇ?

ಇನ್ನೊಂದು ಕಾರಣವೂ ಇದೆ, ಇದನ್ನು ಇಲ್ಲಿ ಯಾರೂ ಎತ್ತಲಿಲ್ಲ. ಬ್ರೈಲ್‌ನಲ್ಲಿ ಕೊಂಬು, ಗುಡಿಸು, ಕೆಳಗಿಳಿಯುವ ಒತ್ತು ಯಾವುದೂ ಇಲ್ಲ. ವ್ಯಂಜನದ ಮುಂದೆ ಸ್ವರವನ್ನೇ ಇಡುತ್ತೇವೆ. ‘ಕಿ’ ಎಂದರೆ ಕ, ಇ. ಒತ್ತಕ್ಷರಕ್ಕೆ ಮೊದಲು ಸ್ವರವಿಲ್ಲವೆಂದು ತಿಳಿಸುವ ಒಂದು ಹಲಂತ ಚಿಹ್ನೆ, ಆಮೇಲೆ ಎರಡೂ ವ್ಯಂಜನಗಳು. ಎಲ್ಲವೂ ಒಂದೇ ಸಾಲಿನಲ್ಲಿ ಸಾಗುತ್ತವೆ. ‘ಪರಿಸರ ಪರಿಚಯ ಮತ್ತು ಚಲನವಲನ’ಕ್ಕೆ ಖಾಲಿ ಜಾಗವೂ ಸೇರಿ 24 ಕೋಶ (ಆರು ಚುಕ್ಕಿಗಳ ಮನೆ, ಒಂದರಲ್ಲಿ ಒಂದು ಅಕ್ಷರ ಇಲ್ಲವೇ ಚಿಹ್ನೆ) ಬೇಕು, ‘ಗುರುತು ನಡಿಗೆ’ಗೆ 12. ಕಣ್ಣು ಫಲಕವನ್ನು ಒಮ್ಮೆಗೇ ನುಂಗುತ್ತದೆ. ಬೆರಳು ಒಂದೊಂದೇ ಅಕ್ಷರ ದಾಟಬೇಕು, ಅದೂ ಬಾಗಿಲಲ್ಲಿ ನಿಂತು, ಹಿಂದಿನಿಂದ ಬರುವವರು ತಳ್ಳುತ್ತಿರುವಾಗ.

ಮಕ್ಕಳನ್ನು ಕರೆಯುವುದಕ್ಕೆ ‘ಅಂಧ’ ಒಂದೇ ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಅಂಧತ್ವ ಬೇರೆ, ಮಂದದೃಷ್ಟಿ ಬೇರೆ. ದಪ್ಪ ಅಕ್ಷರವನ್ನು ಕಣ್ಣಿನ ಹತ್ತಿರ ಹಿಡಿದು ಓದುವ ಮಕ್ಕಳೂ ನಮ್ಮಲ್ಲಿದ್ದಾರೆ. ಕೈಪತ್ರದಲ್ಲಿ ‘ಕಣ್ಣು ಕಾಣದ, ಮಂದವಾಗಿ ಕಾಣುವ ಮಕ್ಕಳು’ ಎಂದು ಬಿಡಿಸಿ ಬರೆದಿದ್ದೇನೆ.

ಉತ್ತರ (ಶ್ರೀರಂಗಪಟ್ಟಣ)

ಅಮ್ಮ, ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಗುರುತು ಎಂಬುದಕ್ಕೆ ಹಳಗನ್ನಡದಲ್ಲಿ ಶಕಟರೇಫ, ಅಂದರೆ ಈಗ ಬಿಟ್ಟುಹೋದ ‘ಱ’ ಅಕ್ಷರ: ಗುಱುತು. ‘ಗುಱಿ’ಯೂ ಅದೇ ಬೇರಿನದು, ತಮಿಳಿನ ‘ಕುಱಿ’ಯ ಒಡಹುಟ್ಟು. ಇರುವ ಜಾಗವನ್ನು ತಿಳಿಸುವ ಚಿಹ್ನೆ ಗುರುತು, ಹೋಗಬೇಕಾದ ಜಾಗ ಗುರಿ. ನೀವು ಕೇಳಿದ ಎರಡೂ ಅರ್ಥ ಒಂದೇ ಬೇರಿನಲ್ಲಿವೆ. ಇನ್ನು ಹುಡುಕಬೇಡಿ.

ಉತ್ತರ (ಸರಸ್ವತಿಪುರಂ)

ಕೈಪತ್ರಕ್ಕೆ ಆಗಬಹುದು. ಪಠ್ಯಕ್ಕೆ ಆಗುವುದಿಲ್ಲ. ಪರಿಭಾಷೆ ಎಂಬುದು ಒಂದಿದೆ. ನಾಳೆ ಇದೇ ವಿಷಯದಲ್ಲಿ ಪ್ರಬಂಧ ಬರೆಯುವವರು ‘ಗುರುತು’ವಿನಿಂದ ಎಷ್ಟು ಪದ ಸಾಧಿಸಬಲ್ಲರು?

ಉತ್ತರ (ಮಂಡ್ಯ)

ಗುರುತಿಸು, ಗುರುತಿಸುವಿಕೆ, ಗುರುತುಗಾರ, ಗುರುತುಗೇಡು. ಇನ್ನೂ ಬೇಕೇ? ಆದರೂ ‘ಬೆಳ್ಗೋಲು’ ಬಿಟ್ಟದ್ದಕ್ಕೆ ನನಗೆ ನೋವಿದೆ.

ಪ್ರಶ್ನೆ ಕೇಳಿದವಳಿಂದ

‘ಗುರುತು ನಡಿಗೆ’ಯೇ ಅಚ್ಚಿಗೆ ಹೋಯಿತು. ನಿನ್ನೆ ಫಲಕ ಬಂತು. ಗೋಡೆಗೆ ಹೊಡೆಯುವ ಮೊದಲು ಏಳನೆಯ ತರಗತಿಯ ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಬೆರಳಾಡಿಸಿ, ಮೊದಲ ಪದದ ಕೊನೆಯಲ್ಲಿ ನಿಂತಳು. ಮತ್ತೆ ಹಿಂದಕ್ಕೆ ಬಂದು ಓದಿದಳು. “ಅಕ್ಕ, ಇದು ಗುರುತಕ ಎಂದಿದೆ” ಎಂದಳು. ‘ಉ’ ಎಂದರೆ 1, 3, 6ನೆಯ ಚುಕ್ಕಿಗಳು. ಕೊನೆಯ ಉಕಾರದಲ್ಲಿ 6ನೆಯದು ಮೂಡಿರಲಿಲ್ಲ, ಉಳಿದದ್ದು ‘ಕ’. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಫಲಕವನ್ನು ವಾಪಸು ಕಳಿಸಿದ್ದೇನೆ. ಹೊಸದು ಗುರುವಾರ ಬರುತ್ತದೆ, ಮೊದಲು ಅವಳೇ ಓದುತ್ತಾಳೆ.