ಫೋರ್ಕಾ, ಬ್ರಾಂಚಾ?

ಬೆಳಿಗ್ಗೆಯಿಂದ ಗುಂಪಿನಲ್ಲಿ ನಡೆದ ಮಾತೆಲ್ಲ ಈಗ ಓದಿದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ನಮ್ಮ ಪ್ರಾಜೆಕ್ಟಿಗೆ ಗಿಟ್‌ಫ್ಲೋ (ಬ್ರಾಂಚ್‌ಗಳನ್ನು, ಅಂದರೆ ಕೋಡಿನ ಪ್ರತ್ಯೇಕ ಕವಲುಗಳನ್ನು, ಬಳಸುವ ಒಂದು ಪದ್ಧತಿ) ತರೋಣವಾ, ಎಲ್ಲರೂ ಫೋರ್ಕ್ (ಇಡೀ ರೆಪೊದ, ಅಂದರೆ ಕೋಡ್ ಸಂಗ್ರಹದ, ಸ್ವಂತ ಕಾಪಿ) ಮಾಡಿಕೊಳ್ಳಬೇಕಾ, ಸುಮ್ನೆ ಮೇನ್‌ಗೇ (ಎಲ್ಲರ ಮುಖ್ಯ ಬ್ರಾಂಚಿಗೇ) ಪುಶ್ ಮಾಡಿದರೆ, ಅಂದರೆ ಕೋಡ್ ಕಳಿಸಿದರೆ, ಸಾಕಾ ಅಂತ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದ ಇದೆ, ಓದಿಬಿಡಿ.

ಗಿಟ್‌ಫ್ಲೋ ಬೇಡ. ಡೆವಲಪ್, ರಿಲೀಸ್, ಹಾಟ್‌ಫಿಕ್ಸ್ ಅಂತ ಅಷ್ಟೊಂದು ಬ್ರಾಂಚ್ ಬೇಕಾಗುವುದು ಒಂದೇ ಸಲಕ್ಕೆ ಎರಡು ಮೂರು ವರ್ಷನ್ ನೋಡಿಕೊಳ್ಳುವವರಿಗೆ. 2010ರಲ್ಲಿ ಈ ಪದ್ಧತಿಯ ಲೇಖನ ಬರೆದ ವಿನ್ಸೆಂಟ್ ಡ್ರೀಸೆನ್ ಅವರೇ 2020ರಲ್ಲಿ, ಆಗಾಗ ಬಿಡುಗಡೆ ಆಗುವ ವೆಬ್ ಆ್ಯಪ್‌ಗಳಿಗೆ ಇದಕ್ಕಿಂತ ಸರಳವಾದ ದಾರಿ ಹಿಡಿಯಿರಿ ಅಂತ ಅದರ ಮೇಲೊಂದು ಟಿಪ್ಪಣಿ ಸೇರಿಸಿದರು. ನಮ್ಮದು ಇರುವುದೇ ಒಂದು ವರ್ಷನ್, ಅಲ್ವಾ?

ಫೋರ್ಕ್ ಬೇಕಿರುವುದು ರೆಪೊಗೆ ಬರೆಯುವ ಅನುಮತಿ ಇಲ್ಲದವರಿಗೆ. ಹೊಸಬರು ಫೋರ್ಕ್ ಮಾಡಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಲಿ, ಆದರೆ ಅಪ್‌ಸ್ಟ್ರೀಮ್ ರಿಮೋಟ್ (ಹೊಸ ಬದಲಾವಣೆ ತರಲು ಮೂಲ ರೆಪೊದ ವಿಳಾಸ) ಸೇರಿಸಿಕೊಳ್ಳಲಿ, ಇಲ್ಲದಿದ್ದರೆ ಅವರ ಕಾಪಿ ಹಿಂದೆಯೇ ಉಳಿದುಬಿಡುತ್ತದೆ. ನಾವು ಐದು ಜನ ಇದೇ ರೆಪೊದಲ್ಲಿ ಬ್ರಾಂಚ್ ಮಾಡಿಕೊಂಡರೆ ಆಯಿತು. ಮೇನ್‌ಗೆ ನೇರವಾಗಿ ಮಾತ್ರ ಬೇಡ. ಒಬ್ಬರ ಅರ್ಧಂಬರ್ಧ ಕೋಡ್ ಮರುಕ್ಷಣವೇ ಎಲ್ಲರ ತಲೆನೋವು ಆಗುತ್ತದೆ.

ಒಂದು ಬ್ರಾಂಚಿಗೆ ಒಂದೇ ಕೆಲಸ, ಎರಡು ಮೂರು ದಿನಕ್ಕಿಂತ ಜಾಸ್ತಿ ಬೆಳೆಸಬೇಡಿ. ಲಾಗಿನ್ ಸರಿ ಮಾಡಲು ಹೋದವರು ಅದರಲ್ಲೇ ಫೈಲ್‌ಗಳ ಹೆಸರನ್ನೂ ಬದಲಾಯಿಸಿದರೆ, ನೋಡುವವರಿಗೆ ನಿಜವಾದ ಬದಲಾವಣೆ ಯಾವುದು ಅಂತಲೇ ತಿಳಿಯುವುದಿಲ್ಲ.

ಇನ್ನು ರಿಬೇಸ್, ಅಂದರೆ ನಮ್ಮ ಬ್ರಾಂಚಿನ ಕಮಿಟ್‌ಗಳನ್ನು (ಉಳಿಸಿಟ್ಟ ಬದಲಾವಣೆಗಳನ್ನು) ಹೊಸ ಕೋಡಿನ ಮೇಲೆ ಮತ್ತೆ ಕೂರಿಸುವುದು. ನೀವೊಬ್ಬರೇ ಕೆಲಸ ಮಾಡುವ ಬ್ರಾಂಚಿನಲ್ಲಿ ಧಾರಾಳವಾಗಿ ಮಾಡಿ, ಇಬ್ಬರಿರುವ ಕಡೆ ಬೇಡವೇ ಬೇಡ. ಹಿಂದೆ ಒಂದು ಕಡೆ ನಾನೂ ಇನ್ನೊಬ್ಬರೂ ಒಂದೇ ಬ್ರಾಂಚಿನಲ್ಲಿದ್ದೆವು. ಸಂಜೆ ನಾನು ರಿಬೇಸ್ ಮಾಡಿ ಫೋರ್ಸ್ ಪುಶ್ (ಅಲ್ಲಿದ್ದುದನ್ನು ತೆಗೆದು ನಮ್ಮದನ್ನೇ ಹಾಕುವ ಪುಶ್) ಕೊಟ್ಟೆ. ಮಧ್ಯಾಹ್ನ ಅವರು ಹಾಕಿದ್ದ ಎರಡು ಕಮಿಟ್ ರಿಮೋಟಿನಿಂದ (ಸರ್ವರ್‌ನಲ್ಲಿರುವ ಎಲ್ಲರ ಕಾಪಿಯಿಂದ) ಮಾಯ. ಅವರೂ ಏನೂ ತಿಳಿಯದೆ ಹಾರ್ಡ್ ರೀಸೆಟ್ ಮಾಡಿ ತಮ್ಮ ಕಾಪಿಯನ್ನೂ ರಿಮೋಟಿನಂತೆಯೇ ಮಾಡಿಕೊಂಡಿದ್ದರು. ಅವರ ಲ್ಯಾಪ್‌ಟಾಪಿನಲ್ಲಿ ಗಿಟ್ ರಿಫ್‌ಲಾಗ್ (ಹಿಂದಿನ ಕಮಿಟ್‌ಗಳ ಸ್ಥಳೀಯ ದಾಖಲೆ) ಹಾಕಿ ಒಂದೊಂದೇ ಸಾಲು ನೋಡುತ್ತಾ ಹೋದೆವು, ಆ ಎರಡು ಸಾಲು ಕಣ್ಣಿಗೆ ಬೀಳುವವರೆಗೆ ಇಬ್ಬರಿಗೂ ಮಾತೇ ಹೊರಡಲಿಲ್ಲ. ಅಂದಿನಿಂದ ನಾನು ಫೋರ್ಸ್ ವಿತ್ ಲೀಸ್ ಮಾತ್ರ ಬಳಸುತ್ತೇನೆ. ನಾವು ಫೆಚ್ ಮಾಡದೇ (ಇಳಿಸಿಕೊಳ್ಳದೇ) ಇರುವ ಕಮಿಟ್ ಅಲ್ಲಿದ್ದರೆ ಅದು ಪುಶ್ ಅನ್ನು ತಡೆಯುತ್ತದೆ.

ಮರ್ಜ್ ಮಾಡುವಾಗ (ಬ್ರಾಂಚನ್ನು ಮೇನ್‌ಗೆ ಸೇರಿಸುವಾಗ) ಸ್ಕ್ವಾಶ್ (ಎಲ್ಲ ಕಮಿಟ್ ಒಟ್ಟುಗೂಡಿಸಿ ಒಂದೇ ಮಾಡುವುದು) ಇರಲಿ, ಮೇನ್‌ನಲ್ಲಿ ಒಂದು ಕೆಲಸಕ್ಕೆ ಒಂದು ಕಮಿಟ್. ಏನಾದರೂ ಕೆಟ್ಟರೆ ರಿವರ್ಟ್ ಮಾಡುವುದು, ಅಂದರೆ ಆ ಬದಲಾವಣೆ ರದ್ದು ಮಾಡುವುದು, ಸುಲಭ.

ಎಲ್ಲರೂ ಒಪ್ಪಿದರೆ ಇವತ್ತು ರಾತ್ರಿಯೇ ಮೇನ್‌ಗೆ ನೇರ ಪುಶ್ ಬಂದ್ ಮಾಡಿ, ಒಬ್ಬರಾದರೂ ನೋಡಿ ಅಪ್ರೂವ್ ಮಾಡಬೇಕು ಅಂತ ಸೆಟ್ಟಿಂಗ್ ಹಾಕುತ್ತೇನೆ. ಲೋಕಲ್ ಮೇನ್‌ನಲ್ಲೇ ಕೆಲಸ ಮಾಡಿ ಇನ್ನೂ ಪುಶ್ ಮಾಡದವರು ಯಾರಾದರೂ ಇದ್ದರೆ ಈಗಲೇ ಹೇಳಿ, ಅದನ್ನು ಬ್ರಾಂಚಿಗೆ ಹಾಕಿಕೊಳ್ಳುವುದು ಹೇಗೆ ಅಂತ ಕಾಲ್‌ನಲ್ಲಿ ತೋರಿಸುತ್ತೇನೆ.